ಕರೆದರೆ ಬರುವವಳು

ಶಾಲೆಯ ಮೆಟ್ಟಿಲು ಹತ್ತಿದವರು ಚಾರ್ಟಕ್ಕನ ಕೈಕೆಲಸವನ್ನು ಒಂದಲ್ಲ ಒಂದು ಗೋಡೆಯ ಮೇಲೆ ಕಂಡೇ ಇರುತ್ತಾರೆ, ಅವಳನ್ನು ಮಾತ್ರ ಕಂಡಿರುವುದಿಲ್ಲ. ಒಂದನೇ ತರಗತಿಯಲ್ಲಿ ನೇತು ಹಾಕಿರುತ್ತಾರಲ್ಲ, ‘ದೇಹದ ಭಾಗಗಳು’ ಎಂಬ ಚಾರ್ಟು? ಅದರಲ್ಲಿ ಚಡ್ಡಿ ಹಾಕಿಕೊಂಡು, ಎರಡೂ ಕೈ ಅಗಲಿಸಿ, ಬಹುಮಾನ ಬಂದವನ ಹಾಗೆ ಹಲ್ಲು ಕಿರಿಯುತ್ತ ನಿಂತ ಹುಡುಗನನ್ನು ಬರೆದವಳು ಅವಳೇ. ಅವನ ಮೂಗಿಗೊಂದು ಬಾಣ, ಮೊಣಕಾಲಿಗೊಂದು ಬಾಣ. ಇಪ್ಪತ್ತು ವರ್ಷದಿಂದ ಆ ಹುಡುಗನಿಗೆ ವಯಸ್ಸೂ ಆಗಿಲ್ಲ, ನಗುವೂ ನಿಂತಿಲ್ಲ. ಪುಣ್ಯವಂತ.

ಚಾರ್ಟಿನ ಲೋಕಕ್ಕೆ ಅದರದೇ ಕಾನೂನು. ಅಲ್ಲಿ ಯಾರೂ ಬೆನ್ನು ತೋರಿಸುವಂತಿಲ್ಲ. ಯಾರೂ ಇನ್ನೊಬ್ಬರ ಹಿಂದೆ ನಿಲ್ಲುವಂತಿಲ್ಲ. ಹಸುವಿಗೆ ನಾಲ್ಕು ಕಾಲೆಂದ ಮೇಲೆ ನಾಲ್ಕೂ ಕಾಣಬೇಕು, ಮಕ್ಕಳು ಎಣಿಸಬೇಕಲ್ಲ. ಅಪ್ಪಿತಪ್ಪಿ ಒಂದು ಕಾಲು ಇನ್ನೊಂದರ ಹಿಂದೆ ಮರೆಯಾಯಿತೋ, ಕಂಪನಿಯ ಮಾಲೀಕರು ಕೆಳಗಿನಿಂದ ಹಾಳೆ ಹಿಡಿದು ಮೇಲೆ ಬಂದರೆಂದೇ ಲೆಕ್ಕ. “ಮೂರು ಕಾಲಿನ ಹಸು ಯಾವ ಊರಲ್ಲಿ ಹಾಲು ಕೊಡುತ್ತೆ ತಾಯಿ?” ಎಂದು ಕೇಳುತ್ತಿದ್ದರು. ಮಾಲೀಕರು ಕೆಟ್ಟವರಲ್ಲ, ಸ್ವಲ್ಪ ನಾಟಕದವರು.

ಅವಳು ಕೆಲಸ ಮಾಡುತ್ತಿದ್ದದ್ದು ಸ್ಟೇಷನರಿ ಗೋದಾಮಿನ ಮೇಲಿನ ಉದ್ದನೆಯ ಕೋಣೆಯಲ್ಲಿ. ಕಿಟಕಿಗೆ ತಾಗಿದ ಮೇಜು ಚಾರ್ಟಕ್ಕನದು, ಪಕ್ಕದ್ದು ನಕ್ಷೆ ಬರೆಯುವ ಮ್ಯಾಪಕ್ಕನದು. ನದಿ ಬೆಟ್ಟಗಳನ್ನು ಬರೆದೂ ಬರೆದೂ ಮ್ಯಾಪಕ್ಕನ ಕೈ ನಯವಾಗಿತ್ತು. ನಾಲಿಗೆ ಆಗಿರಲಿಲ್ಲ.

ಈ ಚಾರ್ಟಕ್ಕನ ಮದುವೆಯ ಮಾತು ಎರಡು ಸಲ ಎದ್ದು ಎರಡು ಸಲವೂ ತಣ್ಣಗಾಗಿತ್ತು. ಮೂರನೇ ಸಲ ಏಳುವ ಮೊದಲೇ ಮನೆಗೆ ಮಗು ಬಂತು. ಮಗು ತಮ್ಮನದು. ಹೆರಿಗೆಯಾದ ಕೆಲವೇ ವಾರಕ್ಕೆ ತಮ್ಮನ ಹೆಂಡತಿ ತೀರಿಕೊಂಡಳು. ತಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಅಕ್ಕನ ಮಡಿಲಲ್ಲಿಟ್ಟ. “ನನಗೆ ಇದನ್ನ ಹಿಡ್ಕೊಳ್ಳೋಕೂ ಬರಲ್ಲ ಕಣಕ್ಕಾ” ಎಂದು ಗೋಡೆಗೆ ಒರಗಿ ಅತ್ತ. ಅವಳಿಗಾದರೂ ಎಲ್ಲಿ ಬರುತ್ತಿತ್ತು? ಆದರೆ ಕೂಸು ಅವಳ ಬೆರಳು ಹಿಡಿದುಕೊಂಡಿತ್ತು, ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಮಾತು ಬಂದದ್ದೇ ತಡ, ಆ ಮಗು ಬಾಯಿ ಮುಚ್ಚಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದದ್ದು ನಿದ್ದೆಯಲ್ಲೂ ಪಟಪಟ ಎನ್ನುತ್ತಿತ್ತು. ಅಕ್ಕಪಕ್ಕದವರು ‘ಪಟಾಕಿ’ ಎಂದು ಹೆಸರಿಟ್ಟರು. ಪಟಾಕಿ ಚಾರ್ಟಕ್ಕನನ್ನು ಅಮ್ಮ ಎನ್ನುತ್ತಿದ್ದಳು. “ಅಮ್ಮ ಅಲ್ಲ ಮರಿ, ಅತ್ತೆ ಅನ್ನು” ಎಂದು ಇವಳು ಒಂದಷ್ಟು ದಿನ ತಿದ್ದಿ ನೋಡಿದಳು. “ಆಯ್ತಮ್ಮ” ಎನ್ನುತ್ತಿತ್ತು ಮಗು. ಕೊನೆಗೆ ತಿದ್ದುವುದು ಬಿಟ್ಟಳು. ಬಿಟ್ಟಳು ಏನು, ಬಿಟ್ಟು ಸುಖಪಟ್ಟಳು.

ಆ ದಿನಗಳಲ್ಲೇ ‘ಬಂದೆ’ ಹುಟ್ಟಿದ್ದು. ಊಟ ಮಾಡಿಸಲು ಒಂದೊಂದು ತುತ್ತಿಗೂ ಒಂದೊಂದು ಕಥೆ ಬೇಕಿತ್ತು. ಒಬ್ಬಳು ವೀರೆ ಇದ್ದಳು, ಕಷ್ಟದಲ್ಲಿರುವವರು ಕರೆದ ಕೂಡಲೇ ಬಂದುಬಿಡುತ್ತಿದ್ದಳು ಎಂದು ಚಾರ್ಟಕ್ಕ ಶುರು ಮಾಡಿದಳು. ಅವಳ ಹೆಸರೇನು ಎಂದು ಪಟಾಕಿ ಕೇಳಿ, ತಾನೇ ಉತ್ತರವನ್ನೂ ಕೊಟ್ಟಳು. “ಬಂದೆ.” ತಾನು ಕರೆದಾಗಲೆಲ್ಲ ಅಡುಗೆಮನೆಯಿಂದ ಅದೇ ಮಾತು ಕೇಳಿ ಬರುತ್ತಿತ್ತಲ್ಲ, ವೀರೆಗೆ ಬೇರೆ ಹೆಸರು ಯಾಕೆ ಬೇಕು?

ಕೆಟ್ಟುಹೋದ ಚಾರ್ಟಿನ ಹಾಳೆಗಳ ಬೆನ್ನ ಮೇಲೆ, ಬಚ್ಚಲ ಪಕ್ಕದ ಗೋಡೆಯ ಮೇಲೆ, ಇಬ್ಬರೂ ಸೇರಿ ಅವಳನ್ನು ಬರೆದರು. ಕೈ ಚಾರ್ಟಕ್ಕನದು, ಅಪ್ಪಣೆ ಪಟಾಕಿಯದು. ‘ಬಂದೆ’ ಹಾರುವುದಿಲ್ಲ, ಯಾಕೆಂದರೆ ಮೇಲೆ ಫ್ಯಾನ್ ಇರುತ್ತದೆ, ತಲೆಗೆ ಬಡಿಯುತ್ತದೆ. ಮೆಟ್ಟಿಲ ಕಂಬಿಯ ಮೇಲೆ ಜಾರಿಕೊಂಡು ಬರುತ್ತಾಳೆ. ತಲೆಯ ಮೇಲೆ ಹಿಟ್ಟಿನ ಜರಡಿ, ಅದರ ತೂತುಗಳಿಂದ ದೂರದವರು ಅಳುವುದೂ ಕೇಳಿಸುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ, ಬಲಗಾಲಿನದು ಎಡಕ್ಕೆ, ಹೆಜ್ಜೆ ಗುರುತು ಹಿಡಿದು ಬರುವ ಕಳ್ಳರು ತಬ್ಬಿಬ್ಬಾಗಲಿ ಎಂದು. ಮತ್ತೆ ಮೂರು ಜಡೆ.

“ಮೂರು ಯಾಕೆ ಪುಟ್ಟಾ? ಎರಡು ಸಾಕಲ್ವಾ?”

“ಎರಡು ಅವಳಿಗೆ. ಒಂದು, ಅವಳು ಎತ್ಕೊಂಡಿರೋ ಪಾಪು ಹಿಡ್ಕೊಳ್ಳೋಕೆ.”

ಹೀಗೆಂದಾಗ ಪಟಾಕಿ ಸೊಂಟದ ಮೇಲೆ ಕೂತು, ಚಾರ್ಟಕ್ಕನ ಜಡೆಯನ್ನು ಬಸ್ಸಿನ ಕಂಬಿಯ ಹಾಗೆ ಹಿಡಿದುಕೊಂಡಿದ್ದಳು.

ಮಗುವಿಗೆ ಐದು ತುಂಬುವ ಹೊತ್ತಿಗೆ ತಮ್ಮ ಮತ್ತೆ ಮದುವೆಯಾದ. ಹೊಸ ಹೆಂಡತಿ ಒಳ್ಳೆಯ ಹೆಂಗಸು. ಅದೇ ದೊಡ್ಡ ತೊಂದರೆ. ಎರಡು ಮಾತು ಬೈದು ಹಗುರಾಗೋಣವೆಂದರೆ ಬೈಯಲು ಏನೂ ಸಿಗುವುದಿಲ್ಲ. ಮಗುವಿಗೆ ಹೊಸ ಬಟ್ಟೆ ತಂದಳು, ಕೂದಲು ಬಾಚಿದಳು, ಚಾರ್ಟಕ್ಕನ ಕೈ ಹಿಡಿದು “ನಿಮ್ಮ ಋಣ ಹೇಗೆ ತೀರಿಸ್ಲಿ” ಎಂದು ಕಣ್ಣು ಒರೆಸಿಕೊಂಡಳು. ಮೂವರೂ ಬಸ್ಸು ಹತ್ತಿ ತಮ್ಮನ ಕೆಲಸದ ಊರಿಗೆ ಹೋದರು. ಪಟಾಕಿ ಹತ್ತುವಾಗ ಹಿಂತಿರುಗಿ ನೋಡಲಿಲ್ಲ. ಕಿಟಕಿ ಪಕ್ಕದ ಸೀಟು ಸಿಗುತ್ತೋ ಇಲ್ಲವೋ ಎಂಬ ಗಡಿಬಿಡಿಯಲ್ಲಿದ್ದಳು, ಪಾಪ, ಮಗು. ಆಮೇಲೆ ಮನೆಯ ಓನರು ಗೋಡೆಗೆ ಸುಣ್ಣ ಬಳಿಸಿದರು. ಹಾಳೆಗಳೆಲ್ಲ ಮೊದಲೇ ರದ್ದಿಗೆ ಹೋಗಿದ್ದವು. ‘ಬಂದೆ’ ಉಳಿದದ್ದು ಚಾರ್ಟಕ್ಕನ ತಲೆಯಲ್ಲಿ ಮಾತ್ರ.

ಅಲ್ಲಿಂದ ಮುಂದೆ ಪಟಾಕಿ ರಜೆಗೆ ಬಂದು ಹೋಗುವ ನೆಂಟಳಾದಳು. ಅತ್ತೆ ಎನ್ನುವುದನ್ನು ಕಲಿತಳು. ಪ್ರತಿ ಸಲ ಬಂದಾಗಲೂ ಉದ್ದವಾಗಿರುತ್ತಿದ್ದಳು, ಮಾತು ಮಾತ್ರ ಗಿಡ್ಡವಾಗಿರುತ್ತಿತ್ತು. ಹದಿಮೂರಾಗುವಷ್ಟರಲ್ಲಿ ಹೂಂ, ಊಹೂಂ, ಪರವಾಗಿಲ್ಲ ಎಂಬ ಮೂರರಲ್ಲೇ ಸಂಸಾರ ಸಾಗಿಸುತ್ತಿದ್ದಳು. ಪಟಾಕಿ ಎಂದು ಕರೆದರೆ “ಪ್ಲೀಸ್ ಅತ್ತೆ” ಎಂದು ಮುಖ ಕಿವುಚುತ್ತಿದ್ದಳು. ಒಂದು ರಜೆಯಲ್ಲಿ ಚಾರ್ಟಕ್ಕ ತಡೆಯಲಾರದೆ ಕೇಳಿಬಿಟ್ಟಳು. “ಈ ಮನೇಲಿ ನೀನು ಗೋಡೆ ಮೇಲೆಲ್ಲ ಗೀಚ್ತಿದ್ದೆ, ನೆನಪಿದೆಯಾ?”

“ಇಲ್ಲ ಅತ್ತೆ. ಚಿಕ್ಕವಳಿದ್ದೆ ಅಲ್ವಾ. ಏನೂ ನೆನಪಿಲ್ಲ.”

ಕಠಿಣವಾಗಿಯೇನೂ ಹೇಳಲಿಲ್ಲ. ಆ ಐದು ವರ್ಷ ಇಬ್ಬರದ್ದಾಗಿತ್ತು. ಈಗ ಅದನ್ನು ಚಾರ್ಟಕ್ಕ ಒಬ್ಬಳೇ ಕಾಯಬೇಕಾಗಿತ್ತು. ಮಾತಿನಲ್ಲಿ ಹೇಳಿದರೆ ನೆನಪಾಗದಿರಬಹುದು, ‘ಬಂದೆ’ಯನ್ನು ಕಣ್ಣಾರೆ ಕಂಡರೆ ಮರೆಯಲು ಸಾಧ್ಯವೇ? ಕಾಮಿಕ್ಸ್ ಮಾಡುವ ಹುಚ್ಚು ತಲೆಗೆ ಏರಿದ್ದು ಹಾಗೆ. ಊರಿಗೆಲ್ಲ ಅದು ಕಾಮಿಕ್ಸು. ಅವಳಿಗೆ ಅದು ಒಬ್ಬಳೇ ಒಬ್ಬ ಹುಡುಗಿಯನ್ನು ಕೂಗಿ ಕರೆಯುವ ದಾರಿ.

ಕೆಲಸ ಮುಗಿದ ಮೇಲೆ ಸಂಜೆ ಅದೇ ಮೇಜಿನಲ್ಲಿ ಕೂತು ಬರೆಯತೊಡಗಿದಳು. ಮೊದಲ ಪುಟ ಮುಗಿಸಿ ಮ್ಯಾಪಕ್ಕನಿಗೆ ತೋರಿಸಿದಳು. ಮ್ಯಾಪಕ್ಕ ನೋಡಿದಳು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು.

“ಇವಳು ಏನು ಮಾಡ್ತಿದ್ದಾಳೆ?”

“ಕಳ್ಳನ್ನ ಅಟ್ಟಿಸ್ಕೊಂಡು ಹೋಗ್ತಿದ್ದಾಳೆ.”

“ಅಯ್ಯೋ ನಿನ್ನ! ಮುಂದೆ ನೋಡ್ಕೊಂಡು, ಕೈ ಅಗಲಿಸ್ಕೊಂಡು, ನಗ್ತಾ ನಿಂತಿದ್ದಾಳಲ್ಲೇ. ಕಳ್ಳನೂ ಪಕ್ಕದಲ್ಲಿ ನಗ್ತಾ ನಿಂತಿದ್ದಾನೆ. ಇಬ್ಬರೂ ಫೋಟೋ ತೆಗೆಸ್ಕೊಳ್ಳೋಕೆ ಬಂದ ಹಾಗಿದೆ. ಈ ಬಾಣ ಯಾಕೆ? ‘ಜರಡಿ’, ‘ಜಡೆ’, ‘ಚಪ್ಪಲಿ’... ಪರೀಕ್ಷೇಲಿ ಕೇಳ್ತಾರಾ?”

ಚಾರ್ಟಕ್ಕ ಹಾಳೆ ನೋಡಿಕೊಂಡಳು. ಬಾಣಗಳನ್ನು ಯಾವಾಗ ಹಾಕಿದೆನೆಂದೇ ಅವಳಿಗೆ ಗೊತ್ತಿರಲಿಲ್ಲ, ಕೈ ತಾನೇ ಹಾಕಿಬಿಟ್ಟಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಚಾರ್ಟಕ್ಕನಿಗೆ ಅಳು ಬರುವಂತಾಯಿತು. ಅವಳು ಒಬ್ಬರ ಬೆನ್ನನ್ನೂ ಬರೆದವಳಲ್ಲ. ಓಡುವವರು, ಬಾಗಿದವರು, ಅರ್ಧ ಮರೆಯಾದವರು ಅವಳ ಕೈಗೆ ಬರುತ್ತಲೇ ಇರಲಿಲ್ಲ.

ಕಲಿಯಲು ಬಸ್ ನಿಲ್ದಾಣಕ್ಕೆ ಹೋದಳು. ಬೆನ್ನು ಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಅಲ್ಲಿ ಎಲ್ಲರೂ ಯಾರಿಗಾದರೂ ಬೆನ್ನು ಮಾಡಿ ಹೋಗುವವರೇ. ಭಾನುವಾರಗಳಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಕೂತು ಗೀಚಿದಳು. ಚೀಲ ಹೊತ್ತ ಬೆನ್ನು, ಟಿಕೆಟಿಗೆ ಬಾಗಿದ ಬೆನ್ನು. ಕೈ ಕುದುರಲು ತಿಂಗಳುಗಳೇ ಬೇಕಾದವು. ಕೊನೆಗೊಂದು ದಿನ ಒಂದು ಬೆನ್ನು ಜೀವ ಬಂದ ಹಾಗೆ ಹಾಳೆಯ ಮೇಲೆ ಮೂಡಿತು. ಬಸ್ಸಿನ ಮೆಟ್ಟಿಲಿಗೆ ಕಾಲು ಎಟುಕದೆ, ಕಂಬಿ ಹಿಡಿದು ಮೇಲಕ್ಕೆ ಜಗ್ಗಿಕೊಳ್ಳುತ್ತಿರುವ ಐದು ವರ್ಷದ ಬೆನ್ನು. ನಿಲ್ದಾಣದಲ್ಲಿ ಅಂಥ ಮಗು ಯಾವುದೂ ಇರಲಿಲ್ಲ. ಚಾರ್ಟಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಮನೆಗೆ ಹೋದಳು.

ಸ್ವಂತ ಖರ್ಚಿನಲ್ಲಿ ಕಾಮಿಕ್ಸ್ ಅಚ್ಚು ಹಾಕಿಸಿ ಮಾರುವ ಒಂದು ಹುಡುಗರ ಗುಂಪು ಆ ಊರಿನಲ್ಲಿತ್ತು, ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಮ್ಯಾಪಕ್ಕನೇ ಎಲ್ಲಿಂದಲೋ ವಿಚಾರಿಸಿ ಕಳಿಸಿದಳು. ಗುಂಪಿನ ಮುಂದಾಳು ಗುಂಗುರು ಕೂದಲಿನ ಒಬ್ಬ ಹುಡುಗಿ. ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ ಖುಷಿಯಿಂದಲೇ ಹೇಳಿದಳು.

“ಐಡಿಯಾ ಸಕತ್ತಾಗಿದೆ ಆಂಟಿ. ಆದ್ರೆ ಸೂಪರ್‌ಹೀರೋಯಿನ್ ಅಂದ್ಮೇಲೆ ಸ್ವಲ್ಪ ಗತ್ತು ಬೇಕಲ್ವಾ? ಜರಡಿ ತೆಗೆದು ಹೆಲ್ಮೆಟ್ ಥರ ಏನಾದ್ರೂ ಹಾಕಿ. ಚಪ್ಪಲಿ ಬದಲು ಬೂಟು. ಮೂರನೇ ಜಡೆ ಬೇಡವೇ ಬೇಡ, ನೋಡೋರಿಗೆ ಗೊಂದಲ.”

“ಆಗಲ್ಲಮ್ಮ.”

“ಒಂದು ಜಡೆ ತಾನೇ?”

“ಆಗಲ್ಲ ಅಂದ್ನಲ್ಲ. ಬೇಕಾದ್ರೆ ಕಥೆ ಬದಲಾಯಿಸ್ತೀನಿ. ಇವಳ ಮೈಮೇಲಿರೋ ಒಂದು ನೂಲೂ ಬದಲಾಯಿಸಲ್ಲ.”

ಗುಂಪಿನವರು ಮುಖ ಮುಖ ನೋಡಿಕೊಂಡರು. ಈ ಆಂಟಿ ಭಾರಿ ಹಠದವರು ಎಂದುಕೊಂಡಿರಬೇಕು. ಹಠವೇ ಸೈ. ಒಂದು ಜಡೆ ಕಡಿಮೆಯಾಗಿ, ಅದೇ ಕಾರಣಕ್ಕೆ ಪಟಾಕಿ ಗುರುತು ಹಿಡಿಯದೆ ಪುಟ ತಿರುವಿಬಿಟ್ಟರೆ? ಆ ಭಯವನ್ನು ವಾಚನಾಲಯದ ಹಿಂದಿನ ಕೋಣೆಯಲ್ಲಿ ಯಾರಿಗೆ ಬಿಡಿಸಿ ಹೇಳುವುದು?

ಮೊದಲ ಪುಸ್ತಕ ಅಚ್ಚಾಯಿತು, ಕೆಲವು ತಿಂಗಳಿಗೆ ಎರಡನೆಯದೂ ಆಯಿತು. ದೊಡ್ಡವರು ಅಷ್ಟಕ್ಕಷ್ಟೆ, ಸಣ್ಣ ಮಕ್ಕಳು ಮುಗಿಬಿದ್ದರು. ಬಾಣಗಳನ್ನು ಅಲ್ಲಲ್ಲಿ ಬೇಕೆಂದೇ ಉಳಿಸಿದ್ದಳು, ಮಕ್ಕಳು ಅವನ್ನೇ ಗಟ್ಟಿಯಾಗಿ ಓದುತ್ತಿದ್ದರು. ಒಬ್ಬ ತಾಯಿ ಆ ಗುಂಪಿನವರ ಪುಸ್ತಕದ ಮಳಿಗೆಗೆ ಬಂದು ಜಗಳಕ್ಕೇ ನಿಂತಳು. “ನಿಮ್ಮಿಂದಾಗಿ ನಮ್ಮ ಮನೇಲಿ ಹಿಟ್ಟು ಜರಡಿ ಹಿಡಿಯೋ ಹಾಗಿಲ್ಲ ಕಣ್ರೀ, ನನ್ನ ಮಗ ಅದನ್ನ ತಲೆ ಮೇಲಿಟ್ಕೊಂಡೇ ಮಲಗ್ತಾನೆ!” ಚಾರ್ಟಕ್ಕ ನಕ್ಕಳು. ಸಂತೋಷವೂ ಆಯಿತು. ಆದರೆ ಅಷ್ಟು ಮಕ್ಕಳ ನಡುವೆ ಅವಳು ಕಾಯುತ್ತಿದ್ದ ಓದುಗಾರ್ತಿ ಇರಲಿಲ್ಲ. ಅಂಚೆಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ. ಪುಸ್ತಕ ತೆರೆದಾಗ ಆ ಮುಖದಲ್ಲಿ ಆಗುವುದನ್ನು ಎದುರಿಗೆ ನಿಂತು ನೋಡಬೇಕೆಂಬ ಆಸೆ.

ತಮ್ಮನ ಮಗಳು ರಜೆಗೆ ಬಂದಳು. ಈಗ ಹದಿನಾಲ್ಕು. ಕಿವಿಯಲ್ಲಿ ಫೋನಿನ ವೈರು, ಕಣ್ಣಿನ ಮೇಲೆ ಬೀಳುವಂತೆ ಕತ್ತರಿಸಿದ ಕೂದಲು. ತಮ್ಮ ಬಾಗಿಲಲ್ಲೇ ಬಿಟ್ಟು “ಭಾನುವಾರ ಬರ್ತೀನಕ್ಕಾ” ಎಂದು ಹೊರಟ. ಚಾರ್ಟಕ್ಕ ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ, ತಾನಾಗೇ ಬಿದ್ದಿರುವಂತೆ ಕಾಣಲೆಂದು ಓರೆಯಾಗಿ ಇಟ್ಟಿದ್ದಳು. ಪಕ್ಕದಲ್ಲಿ ಮೂರನೆಯದಕ್ಕೆ ಪೆನ್ಸಿಲಿನಲ್ಲಿ ಬರೆದ ದೊಡ್ಡ ಹಾಳೆ, ಅದರ ನಡುವೆ ತಲೆಯಿಂದ ಕಾಲಿನ ತನಕ ‘ಬಂದೆ’. ಕಾಮಿಕ್ಸಿನವರ ಪದ್ಧತಿಯಂತೆ ಇದೇ ಮೂಲ ಚಿತ್ರ, ಉಳಿದ ಪುಟಗಳಿಗೆಲ್ಲ ಇದನ್ನು ನೋಡಿಯೇ ಬರೆಯಬೇಕು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಳು. ಕಿವಿ ಹೊರಗೇ ಇತ್ತು.

ಪುಟ ತಿರುವಿದ ಸದ್ದಾಯಿತು. ಇನ್ನೊಂದು. ಆಮೇಲೆ ಹುಡುಗಿ ನಕ್ಕಳು. ಚಾರ್ಟಕ್ಕ ನಲ್ಲಿ ನಿಲ್ಲಿಸಿದಳು.

“ಅತ್ತೆ! ಇದು ನೀವು ಮಾಡಿದ್ದಾ?”

ಕೈ ಒರೆಸಿಕೊಳ್ಳುತ್ತ ಬಂದಳು. “ಹೂಂ. ಹೇಗಿದೆ?”

“ಚೆನ್ನಾಗಿ ಬರೆದಿದ್ದೀರ. ಆದ್ರೆ ಜರಡಿ ಯಾಕೆ ಅತ್ತೆ ತಲೆ ಮೇಲೆ? ಚಪ್ಪಲಿ ಬೇರೆ ಉಲ್ಟಾ. ಯಾರು ಹೇಳಿಕೊಟ್ರು ಇದನ್ನೆಲ್ಲ?”

“ಒಂದು ಸಣ್ಣ ಹುಡುಗಿ.”

“ಸರಿಯಾದ ತಲೆಹರಟೆ ಇರಬೇಕು.”

“ಹೌದು. ಸರಿಯಾದ ತಲೆಹರಟೆ.”

ನೀನೇ ಕಣೇ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಅದೊಂದು ಸುದ್ದಿಯಾಗುತ್ತದೆ, ನೆನಪಾಗುವುದಿಲ್ಲ. ಹೌದಾ ಅತ್ತೆ ಎಂದು ಹುಬ್ಬೇರಿಸಿ, ಮರ್ಯಾದೆಗೆ ನಕ್ಕು ಸುಮ್ಮನಾಗುತ್ತಾಳೆ. ಚಾರ್ಟಕ್ಕನಿಗೆ ಬೇಕಾಗಿದ್ದದ್ದು ಅದಲ್ಲ. ಅದಕ್ಕೇ ಕೊನೆಯದಾಗಿ, ಭಯದಿಂದಲೇ ಕೇಳಿದಳು.

“ಮೂರು ಜಡೆ ಇದೆ ನೋಡು. ಎರಡು ಅವಳಿಗೆ. ಮೂರನೇದು ಯಾಕೆ, ಹೇಳು ನೋಡೋಣ?”

ಹುಡುಗಿ ಚಿತ್ರದ ಕಡೆಗೆ ಬಗ್ಗಿದಳು. ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದಳು.

“ಕಳ್ಳರನ್ನ ಕಟ್ಟಿಹಾಕೋಕಾ?”

“ಅಲ್ಲ. ಅವಳು ಎತ್ಕೊಂಡಿರೋ ಮಗು ಹಿಡ್ಕೊಳ್ಳೋಕೆ.”

“ಓ. ಕ್ಯೂಟಾಗಿದೆ” ಎಂದಳು ಹುಡುಗಿ, ಯಾರ ಮನೆಯ ಮಗುವಿನ ಫೋಟೋ ತೋರಿಸಿದರೂ ಹೇಳುವ ಹಾಗೆ.

ಅಲ್ಲಿಗೆ ಮುಗಿಯಿತು. ಇಷ್ಟು ದಿನದ ಕೂಗು ಎಲ್ಲಿಗೂ ಮುಟ್ಟಿರಲಿಲ್ಲ. ಆ ಸಣ್ಣ ಹುಡುಗಿ ಈ ಹುಡುಗಿಯ ಒಳಗೆ ಎಲ್ಲೋ ಮಲಗಿದ್ದಾಳೆ, ಎಬ್ಬಿಸಿದರೆ ಏಳುತ್ತಾಳೆ ಎಂದು ನಂಬಿ ಚಾರ್ಟಕ್ಕ ಬದುಕಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತಳು.

ಹುಡುಗಿ ಎರಡನೇ ಪುಸ್ತಕವನ್ನು ಇನ್ನೊಮ್ಮೆ ಮೊದಲಿನಿಂದ ತಿರುವಿದಳು.

“ಅತ್ತೆ, ಒಂದು ಮಾತು ಕೇಳ್ಲಾ? ಎಲ್ಲರೂ ಇವಳನ್ನ ಕರೀತಾರೆ, ಇವಳು ಬಂದೆ ಬಂದೆ ಅಂತ ಓಡ್ತಾಳೆ. ಎರಡು ಪುಸ್ತಕದಲ್ಲಿ ಇವಳು ಒಂದ್ಸಲನೂ ಯಾರನ್ನೂ ಕರೆದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗ್ತಾಳೆ? ಇವಳಿಗೆ ಯಾರಾದ್ರೂ ಬೇಕು ಅನ್ಸಲ್ವಾ?”

“ಅನ್ಸುತ್ತೆ” ಎಂದಳು ಚಾರ್ಟಕ್ಕ. ಆಮೇಲೆ ಇನ್ನೊಮ್ಮೆ, “ತುಂಬಾ ಅನ್ಸುತ್ತೆ ಕಣೇ” ಎಂದಳು.

“ಮತ್ತೆ ಅದನ್ನ ಬರೀಬೇಕು ತಾನೇ!” ಹುಡುಗಿ ಕಿವಿಯ ವೈರು ಕಿತ್ತು ಪಕ್ಕಕ್ಕಿಟ್ಟಳು. “ಈ ಮೂರನೇ ಪುಸ್ತಕ ಅದೇ ಆಗ್ಲಿ. ಅವಳಿಗೆ ಸುಸ್ತಾಗಿದೆ, ಯಾವುದೋ ಮನೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಳೆ. ಯಾವಾಗ್ಲೂ ನಗ್ತಾ ಇರಬಾರದು ಅತ್ತೆ, ಯಾರು ನಗ್ತಾರೆ ಹಾಗೆ? ಜರಡಿ ತೆಗೆದು ತೊಡೆ ಮೇಲಿಟ್ಕೊಂಡಿರಲಿ. ಅವಳಿಗೂ ವಯಸ್ಸಾಗಿರಲಿ, ಕೂದಲು ಉದುರಿ ಒಂದೇ ಜಡೆ ಆಗಿರಲಿ. ಅವಳಿಗೆ ಕರೆಯೋಕೆ ನಾಚಿಕೆ. ಇಷ್ಟು ದಿನ ತಾನೇ ಬರ್ತಿದ್ದೋಳು, ಈಗ ಬಾ ಅನ್ನೋಕೆ ಬಾಯಿ ಬರಲ್ಲ. ಆಗ ಏನಾಗುತ್ತೆ ಅಂದ್ರೆ...”

ಪಟಪಟನೆ ಹೇಳುತ್ತಲೇ ಹೋದಳು. ಪೆನ್ಸಿಲ್ ಎತ್ತಿಕೊಂಡು, ಕುರ್ಚಿಯ ಮೇಲೆ ಒಂದು ಕಾಲು ಮಡಿಸಿಕೊಂಡು, ಅಪ್ಪಣೆಯ ಮೇಲೆ ಅಪ್ಪಣೆ. ಚಾರ್ಟಕ್ಕ ಬಿಟ್ಟ ಕಣ್ಣು ಬಿಟ್ಟ ಹಾಗೇ ಅವಳ ಬಾಯನ್ನೇ ನೋಡುತ್ತಿದ್ದಳು. ಇದು ಅವಳು ಕಾದಿದ್ದ ಹುಡುಗಿಯಲ್ಲ. ಅವಳು ಅಷ್ಟಾಗಿ ಬಲ್ಲ ಹುಡುಗಿಯೂ ಅಲ್ಲ. ಹೊಸಬಳು.

ಹುಡುಗಿ ತಟ್ಟನೆ ನಿಲ್ಲಿಸಿ, ಮೂಲ ಚಿತ್ರದ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. “ಇವಳನ್ನ ಪೂರ್ತಿ ಅಳಿಸಬೇಕಾಗುತ್ತೆ.”

ಚಾರ್ಟಕ್ಕನ ಕೈ ತಾನಾಗಿ ಮೇಜಿನ ಡ್ರಾಯರಿಗೆ ಹೋಯಿತು. ಅಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿದ್ದವು. ಹೊಸದೊಂದನ್ನು ಕೊಟ್ಟರೆ ಇವಳು ಇವಳಿಗೆ ಬೇಕಾದ ‘ಬಂದೆ’ಯನ್ನು ಬರೆದುಕೊಳ್ಳಲಿ, ಹಳೆಯವಳನ್ನು ತಾನು ಎತ್ತಿಟ್ಟುಕೊಳ್ಳಬಹುದು. ಭಾನುವಾರ ಈ ಹುಡುಗಿ ಹೋದ ಮೇಲೆ ಮತ್ತೆ ಆ ಹಳೆಯವಳ ಜೊತೆ ಕೂತು, ಇನ್ನೂ ಹತ್ತು ವರ್ಷ ಕಾಯಬಹುದು. ಡ್ರಾಯರನ್ನು ಅರ್ಧ ಎಳೆದವಳು ಹಾಗೇ ಮುಚ್ಚಿದಳು.

“ಏನತ್ತೆ? ಬೇಡ್ವಾ?” ಎಂದಳು ಹುಡುಗಿ, ಅತ್ತೆಯ ಮುಖ ನೋಡಿ. ದನಿ ಮೆತ್ತಗಾಗಿತ್ತು. “ಆ ಸಣ್ಣ ಹುಡುಗಿ ಬೇಜಾರು ಮಾಡ್ಕೊಳ್ತಾಳಾ?”

“ಅವಳಿಗೆ ಏನೂ ಬೇಜಾರಾಗಲ್ಲ” ಎಂದಳು ಚಾರ್ಟಕ್ಕ. “ನನಗೇ ಆಗೋದು. ಪರವಾಗಿಲ್ಲ, ಅಳಿಸು.”

ಹುಡುಗಿ ರಬ್ಬರ್ ತೆಗೆದುಕೊಂಡು ಮೇಲಿನಿಂದ ಶುರು ಮಾಡಿದಳು. ಉಜ್ಜುವಾಗ ಹಾಳೆ ಸುಕ್ಕಾಗದಿರಲಿ ಎಂದು ಅತ್ತೆ ಅದರ ಎರಡೂ ತುದಿಗೆ ಅಂಗೈ ಊರಿ ಗಟ್ಟಿಯಾಗಿ ಹಿಡಿದುಕೊಂಡಳು.